ಭುಜದ ಮೇಲಿನ ಕೈ

ಡೊಂಬಿವಲಿ ಪೂರ್ವ. ಮೆಟ್ಟಿಲ ಕೆಳಗಿನ ನನ್ನ ಅಂಗಡಿಗೆ
ಗುಂಪಿನೊಳಗಿಂದ ಒಬ್ಬರನ್ನು ಬಿಡಿಸಿಕೊಡಿ ಎಂದು ಬರುತ್ತಾರೆ.
ಮದುವೆಯದೋ, ಮಿಲ್ಲಿನ ಗೇಟಿನದೋ, ಶಿರಡಿ ಬಸ್ಸಿನದೋ,
ನಾಲ್ವರ ನಡುವೆ ನಗುತ್ತಿದ್ದವನನ್ನು
ಹನ್ನೆರಡನೆಯ ದಿನಕ್ಕೆ ಮುಂಚೆ
ನೀಲಿಯ ಎದುರು ಒಂಟಿಯಾಗಿ ನಿಲ್ಲಿಸಬೇಕು,
ಹಾರಕ್ಕೆ ಜಾಗ ಬಿಟ್ಟು.

ಮುಖ ಕಷ್ಟವಲ್ಲ. ಕೂದಲು ಕಷ್ಟ.
ಕೂದಲಿಗಿಂತ ಕಷ್ಟ ಭುಜದ ಮೇಲಿನ ಕೈ.
ಯಾವ ಗುಂಪಿನಲ್ಲೂ ಯಾರೋ ಯಾರದೋ ಭುಜ ಹಿಡಿದಿರುತ್ತಾರೆ.
ಹಿಡಿದವರನ್ನು ಕತ್ತರಿಸಿದರೂ ನಾಲ್ಕು ಬೆರಳು ಉಳಿಯುತ್ತವೆ.
ಶರ್ಟಿನ ಗೆರೆಗೆ ಗೆರೆ ಕೂಡಿಸುತ್ತಾ
ಒಂದೊಂದೇ ಅಳಿಸಬೇಕು.

ಪೆಡ್ನೇಕರ ಬಾಯಿ ತಂದ ಫೋಟೊದಲ್ಲಿ
ಮೂರನೆಯ ಬೆರಳಿಗೆ ಬಂದಾಗ ಕಂಪ್ಯೂಟರು ನಿಂತಿತು.
ಹನ್ನೊಂದು ವರ್ಷದ ಮುದುಕ.
ಚಕ್ರ ತಿರುಗಿತು. ಚಹಾ ಬಂತು, ಆರಿತು.
ಹಾಲು ಉಕ್ಕುವ ಮುಂಚಿನ ಸದ್ದು ಮಾಡಿ
ಪರದೆ ಕಪ್ಪಾಯಿತು.

ಆ ತಿಂಗಳ ಭಿಶಿ ನನ್ನ ಹೆಸರಿಗೆ ಎದ್ದಿತ್ತು, ಹನ್ನೊಂದು ಸಾವಿರ.
ಇಷ್ಟು ವರ್ಷ ಕೆಲಸ ಮಾಡಿದ್ದು, ಸುಳ್ಳೇಕೆ ಹೇಳಲಿ,
ಸ್ಟೇಶನ್ ಹೊರಗೆ ಮೂವತ್ತು ರೂಪಾಯಿಗೆ ಕೊಂಡ ಕಳ್ಳ ಸಿಡಿಯಲ್ಲಿ.
ಅದರ ಅಸಲು ಈಗ ಮಾರಾಟಕ್ಕಿಲ್ಲ, ಬಾಡಿಗೆಗೆ ಮಾತ್ರ.
ಖೋಲಿಗೆ ಬಾಡಿಗೆ, ಅಂಗಡಿಗೆ ಬಾಡಿಗೆ,
ಇನ್ನು ಕುಂಚಕ್ಕೂ ತಿಂಗಳು ತಿಂಗಳು ಕಟ್ಟಲೆ?
ತಿಂಗಳಾಯ ಎಂಬ ನನ್ನ ಮನೆತನದ ಹೆಸರಲ್ಲಿ
ಇರುವ ತಿಂಗಳೇ ಸಾಕು.

ಪುಕ್ಕಟೆಯದೂ ಒಂದಿದೆ, ಒಳ್ಳೆಯದೇ.
ಆದರೆ ಅಲ್ಲಿ ಕತ್ತರಿ ಬೇರೆ ಗೂಟದಲ್ಲಿ ತೂಗುತ್ತದೆ.
ನೋಡದೆ ಒತ್ತಿ ರೂಢಿಯಾದ ಬೆರಳು
ಪರರ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಹುಡುಕುತ್ತದೆ.
ಹಾರದ ದಿನ ಅಲ್ಲಿಯತನಕ ಕಾಯುವುದಿಲ್ಲ.
ಕೊನೆಗೆ, ಒಮ್ಮೆ ಕೊಂಡರೆ ನಮ್ಮದೇ ಆಗುವ ಒಂದನ್ನು
ಐದು ಸಾವಿರಕ್ಕೆ ಗುರುತು ಹಾಕಿಟ್ಟೆ.

ಸೋಮವಾರ ಆ ಕಬ್ಬಿಣದ ಡಬ್ಬವನ್ನು ಹಳೆಯ ಸೀರೆಯಲ್ಲಿ ಸುತ್ತಿ
ಲೇಡೀಸ್ ಡಬ್ಬಿಯಲ್ಲಿ ಮಡಿಲ ಮೇಲಿಟ್ಟು ಕೂತೆ.
ಹೊಲಿಗೆ ಮಷೀನಾ? ಕೇಳಿದಳು ಪಕ್ಕದವಳು.
ಹೂಂ ಎಂದೆ. ಸುಳ್ಳೂ ಅಲ್ಲ.
ದಾದರಿನಲ್ಲಿ ಗಾಡಿ ಬದಲಿಸಿ, ಗ್ರಾಂಟ್ ರೋಡಿನಲ್ಲಿ ಇಳಿದು,
ಲ್ಯಾಮಿಂಗ್ಟನ್ ರೋಡಿನ ಮೂಲಜಿಭಾಯಿಯ ಗಲ್ಲೆಯ ಎದುರು ಅದನ್ನು ಬಿಚ್ಚಿ
ಗ್ರಾಫಿಕ್ಸ್ ಕಾರ್ಡ್ ಕೊಡಿ ಎಂದೆ, ಯಾರೋ ಹೇಳಿದ್ದರು.
ಕೆಲಸದ ಹುಡುಗ ತೌಸೀಫ್ ತಲೆಯೆತ್ತಿದ.
ಗೇಮ್ ಆಡ್ತೀರಾ ಆಂಟಿ?
ಇಲ್ಲಪ್ಪ, ಸತ್ತವರ ಫೋಟೊ.
ಹಾಗಾದ್ರೆ ಕಾರ್ಡು ಬೇಡ.

ಮುಚ್ಚಳ ತೆಗೆದು ಊದಿದ.
ಊದುಬತ್ತಿಯ ಬೂದಿ, ಒಣಗಿದ ಜಿರಳೆ, ಒಂದು ಝೆಂಡೂ ಎಸಳು.
ಎಂಟು ಜಿಬಿ ರ‍್ಯಾಮು, ಬಳಸಿದ್ದು, ಸಾವಿರದ ಮುನ್ನೂರೈವತ್ತು.
ತಿರುಗುವ ಡಿಸ್ಕಿನ ಬದಲು ತಿರುಗದ್ದು, ಎರಡು ಸಾವಿರದ ಒಂಬೈನೂರು.
ಪರದೆಗೆ ಉಳಿಯಲಿಲ್ಲ.
ಅದು ಎಲ್ಲರನ್ನೂ ಕಾಮಾಲೆಯವರಂತೆ ತೋರಿಸುತ್ತದೆ,
ನಾನು ನಂಬುವುದಿಲ್ಲ, ಅಷ್ಟೆ.

ರಾತ್ರಿ ತೆರೆದೆ. ಒಂಬತ್ತು ಸೆಕೆಂಡು.
ಪೆಡ್ನೇಕರರ ಭುಜದ ಮೇಲೆ ಕುಂಚ ಒಮ್ಮೆ ಎಳೆದೆ.
ಕೈ ಹೋಯಿತು.
ಗೆರೆಗೆ ಗೆರೆ ತಾನೇ ಕೂಡಿತು.
ಹೆದರಿಕೆಯಾಯಿತು.

ನಿಧಾನವಿದ್ದಾಗ ಬೆರಳಿನ ಪರಿಚಯವಾಗುತ್ತಿತ್ತು.
ಕಚ್ಚಿದ ಉಗುರು, ಬಿಗಿಯಾದ ಉಂಗುರ, ತಂಬಾಕಿನ ಕಲೆ,
ಇವನು ಭಾವನಿರಬೇಕು, ಇವನು ಸಾಲ ಕೊಟ್ಟವನು
ಎಂದು ಒಂದು ಕತೆ ಕಟ್ಟಿಯೇ ಅಳಿಸುತ್ತಿದ್ದೆ.
ಹಿಂದಕ್ಕೆ ಒತ್ತಿದೆ, ಕೈ ಬಂತು. ಮುಂದಕ್ಕೆ, ಹೋಯಿತು.
ಬಂತು. ಹೋಯಿತು.

ಬಂಡವಾಳ ಒಂಬತ್ತು ಸಾವಿರದ ಇನ್ನೂರೈವತ್ತು,
ಫೋಟೊಗೆ ಇನ್ನೂರೈವತ್ತರಂತೆ ಮೂವತ್ತೇಳು.
ಕ್ಯಾಲೆಂಡರಿನ ಅಂಚಿನಲ್ಲಿ ಬರೆಯಹೋಗಿ ಪೆನ್ನಿನ ಮುಚ್ಚಳ ಹಾಕಿದೆ.
ಮೂವತ್ತೇಳು ಏನು, ಯಾರು?
ಶಾಲೆಗೆ ಸೇರುವ ಮಕ್ಕಳ ಪಾಸ್‌ಪೋರ್ಟ್ ಸೈಜೂ ಲೆಕ್ಕಕ್ಕೆ ತಗೋ
ಎಂದುಕೊಂಡೆ, ನಿಧಾನವಾದರೂ ಸರಿ.

ಬೆಳಿಗ್ಗೆ ಬಾಯಿ ಬಂದಳು.
ಕನ್ನಡಕವಿಲ್ಲದೆ, ಆಮೇಲೆ ಕನ್ನಡಕ ಹಾಕಿ ನೋಡಿದಳು.
ಎಡ ಭುಜ ಇಳಿದಿದೆಯಲ್ಲ.
ಸರಿ ಮಾಡಲೆ, ಎರಡು ನಿಮಿಷ.
ಬೇಡ, ಇರಲಿ,
ಎಂದು ಇನ್ನೂರೈವತ್ತು ಎಣಿಸಿದಳು, ಹತ್ತರ ನೋಟುಗಳಲ್ಲಿ.